ಸ್ಲೀಪ್ ಆಪ್ನಿಯಾ ಪತ್ತೆಗೆ ತಲೆಯ ಎಕ್ಸ್-ರೇ: ಈ ಚಿತ್ರ ಹೇಳುವುದೇನು, ಹೇಳದಿರುವುದೇನು? ಇಲ್ಲಿದೆ ಪೂರ್ಣ ಮಾಹಿತಿ

ಮುಂಬೈ: ಹಿಂದಿ ಚಿತ್ರರಂಗದ ಖ್ಯಾತ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ 2022ರ ಫೆಬ್ರವರಿ 15ರಂದು ಮುಂಬೈನ ಜುಹುವಿನ ಆಸ್ಪತ್ರೆಯೊಂದರಲ್ಲಿ ನಿಧನರಾದಾಗ, ವೈದ್ಯರು ನೀಡಿದ ಕಾರಣಗಳಲ್ಲಿ 'ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ' ಎಂಬ ಹೆಸರೂ ಇತ್ತು. ಅಲ್ಲಿಯವರೆಗೆ ಗೊರಕೆಯನ್ನು ನಗೆಚಾಟಿಕೆಯ ವಿಷಯವಾಗಿ ಮಾತ್ರ ನೋಡಿದ್ದ ಅನೇಕರು ಅಂದು ಮೊದಲ ಬಾರಿಗೆ ಈ ಕಾಯಿಲೆಯ ಹೆಸರನ್ನು ಇಂಟರ್ನೆಟ್‌ನಲ್ಲಿ ಹುಡುಕಿದರು.

ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಈ ಸಮಸ್ಯೆಯನ್ನು ಖಚಿತಪಡಿಸಲು ರಾತ್ರಿಯಿಡೀ ನಿದ್ರಾ ಪರೀಕ್ಷೆ ಬೇಕು. ಆದರೆ ಹಲ್ಲಿಗೆ ಕ್ಲಿಪ್ ಹಾಕಿಸಲು ಹೋದಾಗ ತೆಗೆಯುವ ತಲೆಯ ಒಂದು ಸಾಮಾನ್ಯ ಎಕ್ಸ್-ರೇಯಲ್ಲೂ ಇದರ ಸುಳಿವು ಸಿಗಬಹುದು ಎನ್ನುವುದು ಹಲವರಿಗೆ ಗೊತ್ತಿಲ್ಲ. ಈ ಎಕ್ಸ್-ರೇಯ ಹೆಸರು ಲ್ಯಾಟರಲ್ ಸೆಫಲೋಗ್ರಾಮ್. ಇದರಲ್ಲಿ ದವಡೆ, ನಾಲಿಗೆ, ಗಂಟಲಿನ ಅಳತೆ ಹೇಗೆ ತೆಗೆಯುತ್ತಾರೆ? ಅದನ್ನು ಎಷ್ಟು ನಂಬಬಹುದು? ಎಲ್ಲಿ ನಂಬಬಾರದು? ಇಲ್ಲಿದೆ ವಿವರ.

ಏನಿದು ಸ್ಲೀಪ್ ಆಪ್ನಿಯಾ?

ಎಚ್ಚರವಾಗಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ಹಾದಿಯನ್ನು ತೆರೆದಿಡುತ್ತವೆ. ನಿದ್ದೆ ಬಂದಾಗ ಅವು ಸಡಿಲಗೊಳ್ಳುತ್ತವೆ. ನಾಲಿಗೆಯ ಬುಡ ಮತ್ತು ಕಿರುನಾಲಿಗೆ ಇರುವ ಮೃದು ಅಂಗುಳ ಹಿಂದಕ್ಕೆ ಜಾರುತ್ತವೆ. ಹಾದಿ ಸ್ವಲ್ಪ ಕಿರಿದಾದರೆ ಗಾಳಿ ಹೋಗುವಾಗ ಅಂಗಾಂಶ ಅದುರಿ ಗೊರಕೆ ಬರುತ್ತದೆ. ಪೂರ್ತಿ ಮುಚ್ಚಿದರೆ ಉಸಿರೇ ನಿಲ್ಲುತ್ತದೆ.

ಹೀಗೆ ಗಾಳಿಯ ಹರಿವು ಕನಿಷ್ಠ 10 ಸೆಕೆಂಡ್ ನಿಂತರೆ ಅದನ್ನು ಆಪ್ನಿಯಾ ಎನ್ನುತ್ತಾರೆ. ಹರಿವು ಪೂರ್ತಿ ನಿಲ್ಲದೆ ಗಣನೀಯವಾಗಿ ಕಡಿಮೆಯಾದರೆ ಹೈಪೋಪ್ನಿಯಾ. ಆಮ್ಲಜನಕ ಇಳಿದಾಗ ಮೆದುಳು ಎಚ್ಚರಿಕೆ ಕೊಡುತ್ತದೆ, ವ್ಯಕ್ತಿ ಅರೆ ಎಚ್ಚರಗೊಂಡು ಏದುಸಿರಿನೊಂದಿಗೆ ಮತ್ತೆ ಉಸಿರಾಡುತ್ತಾನೆ. ಬೆಳಗ್ಗೆ ಎದ್ದಾಗ ಇದರ ನೆನಪೇ ಇರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಗೊತ್ತಿರುತ್ತದೆ.

ಒಂದು ಗಂಟೆಯ ನಿದ್ದೆಯಲ್ಲಿ ಇಂಥ ಘಟನೆಗಳು ಸರಾಸರಿ ಎಷ್ಟು ಬಾರಿ ಆಗುತ್ತವೆ ಎಂಬ ಲೆಕ್ಕವೇ ಎಎಚ್‌ಐ ಸೂಚ್ಯಂಕ. ವಯಸ್ಕರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ಕ್ಕಿಂತ ಹೆಚ್ಚಾದರೆ ತೀವ್ರ. ಉದಾಹರಣೆಗೆ, 7 ಗಂಟೆ ನಿದ್ದೆಯಲ್ಲಿ 140 ಬಾರಿ ಉಸಿರು ನಿಂತಿದ್ದರೆ ಅಥವಾ ಕುಗ್ಗಿದ್ದರೆ ಎಎಚ್‌ಐ 20, ಅಂದರೆ ಮಧ್ಯಮ ಹಂತ.

ಚಿಕಿತ್ಸೆ ಪಡೆಯದ ಸ್ಲೀಪ್ ಆಪ್ನಿಯಾಕ್ಕೆ ಅಧಿಕ ರಕ್ತದೊತ್ತಡ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು ಮತ್ತು ಮಧುಮೇಹದ ಜೊತೆ ನಂಟಿದೆ. ಹಗಲಿನ ತೂಕಡಿಕೆಯಿಂದ ವಾಹನ ಚಲಾಯಿಸುವವರಿಗೆ ಅಪಘಾತದ ಅಪಾಯವೂ ಹೆಚ್ಚು.

ಮುಂಬೈ ಅಧ್ಯಯನ ತೆರೆದಿಟ್ಟ ಸತ್ಯ

ಭಾರತೀಯರಲ್ಲಿ ಈ ಸಮಸ್ಯೆ ಎಷ್ಟಿದೆ ಎಂದು ತೋರಿಸಿದ ಆರಂಭಿಕ ದೊಡ್ಡ ಅಧ್ಯಯನಗಳಲ್ಲಿ ಒಂದು ನಡೆದಿದ್ದು ಮುಂಬೈನಲ್ಲೇ. ಮಾಹಿಮ್‌ನ ಪಿ.ಡಿ. ಹಿಂದುಜಾ ಆಸ್ಪತ್ರೆಯ ಶ್ವಾಸಕೋಶ ತಜ್ಞ ಡಾ. ಜರೀರ್ ಉದ್ವಾಡಿಯಾ ಮತ್ತು ಸಹೋದ್ಯೋಗಿಗಳು, ಸಾಮಾನ್ಯ ಆರೋಗ್ಯ ತಪಾಸಣೆಗೆ ಬಂದಿದ್ದ 35ರಿಂದ 65 ವರ್ಷದ ಪುರುಷರನ್ನು ಅಧ್ಯಯನಕ್ಕೆ ಆರಿಸಿಕೊಂಡರು. 658 ಮಂದಿ ಪ್ರಶ್ನಾವಳಿಗೆ ಉತ್ತರಿಸಿದರು. ಅವರಲ್ಲಿ 250 ಮಂದಿಗೆ ಮನೆಯಲ್ಲೇ ನಿದ್ರಾ ಪರೀಕ್ಷೆ ನಡೆಯಿತು. ಫಲಿತಾಂಶ 2004ರಲ್ಲಿ ಅಮೆರಿಕದ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಆ ಅಂದಾಜಿನಂತೆ ಶೇ 19.5ರಷ್ಟು ಪುರುಷರಲ್ಲಿ ನಿದ್ದೆಯ ಉಸಿರಾಟದ ತೊಂದರೆ ಇತ್ತು. ಅದರ ಜೊತೆಗೆ ಹಗಲಿನ ವಿಪರೀತ ತೂಕಡಿಕೆಯೂ ಇದ್ದವರು ಶೇ 7.5. ಇವರು ಕಾಯಿಲೆ ಇದೆ ಎಂದು ಆಸ್ಪತ್ರೆಗೆ ಬಂದವರಲ್ಲ, ವಾರ್ಷಿಕ ತಪಾಸಣೆಗೆ ಬಂದವರು ಎಂಬುದು ಗಮನಾರ್ಹ. ಕತ್ತಿನ ಸುತ್ತಳತೆ, ದೇಹದ ತೂಕ ಮತ್ತು ಮಧುಮೇಹದ ಹಿನ್ನೆಲೆ ಇದಕ್ಕೆ ಮುಖ್ಯವಾಗಿ ತಳಕು ಹಾಕಿಕೊಂಡಿದ್ದವು.

ದೇಶದ ವಿವಿಧ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ತಜ್ಞರು 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಭಾರತೀಯ ವಯಸ್ಕರಲ್ಲಿ ಸುಮಾರು ಶೇ 11ರಷ್ಟು ಮಂದಿಗೆ ಸ್ಲೀಪ್ ಆಪ್ನಿಯಾ ಇದೆ. ಪುರುಷರಲ್ಲಿ ಶೇ 13, ಮಹಿಳೆಯರಲ್ಲಿ ಶೇ 5.

ಮುಂಬೈನಂಥ ನಗರದಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಸುಮಾರು 60 ಕಿ.ಮೀ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕ ತಕ್ಷಣ ಕಣ್ಣು ಮುಚ್ಚುವವರಿಗೆ ಲೆಕ್ಕವಿಲ್ಲ. ನಸುಕಿಗೆ ಬಾಗಿಲು ತೆರೆದು ತಡರಾತ್ರಿ ಮುಚ್ಚುವ ಹೋಟೆಲ್‌ಗಳಲ್ಲಿ ದುಡಿಯುವವರು, ರಾತ್ರಿ ಪಾಳಿಯ ಚಾಲಕರು, ಕಾವಲುಗಾರರು 'ಕೆಲಸದ ಸುಸ್ತು' ಎಂದುಕೊಂಡೇ ವರ್ಷಗಳನ್ನು ಕಳೆಯುತ್ತಾರೆ. ನಿದ್ದೆ ಕಡಿಮೆಯಾಗಿ ಬರುವ ತೂಕಡಿಕೆಗೂ, ಗಂಟಲು ಕಟ್ಟಿಕೊಂಡು ನಿದ್ದೆ ಒಡೆಯುವುದರಿಂದ ಬರುವ ತೂಕಡಿಕೆಗೂ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ.

ತೆಳ್ಳಗಿದ್ದವರಿಗೂ ಏಕೆ ಬರುತ್ತದೆ?

ಸ್ಲೀಪ್ ಆಪ್ನಿಯಾ ಎಂದರೆ ದಪ್ಪಗಿರುವವರ ಕಾಯಿಲೆ ಎಂಬ ಭಾವನೆ ಇದೆ. ತೂಕ ದೊಡ್ಡ ಕಾರಣ ಎನ್ನುವುದು ನಿಜ. ಆದರೆ ಅದೊಂದೇ ಕಾರಣವಲ್ಲ.

ಉಸಿರಿನ ಹಾದಿಯನ್ನು ಒಂದು ಪೆಟ್ಟಿಗೆಯೊಳಗಿನ ಮೆತ್ತನೆಯ ಕೊಳವೆ ಎಂದು ಊಹಿಸಿಕೊಳ್ಳಿ. ಪೆಟ್ಟಿಗೆ ಎಂದರೆ ದವಡೆಗಳು ಮತ್ತು ಕತ್ತಿನ ಮೂಳೆಗಳು. ಒಳಗೆ ತುಂಬಿರುವುದು ನಾಲಿಗೆ, ಮೃದು ಅಂಗುಳ, ಟಾನ್ಸಿಲ್ ಮತ್ತು ಕೊಬ್ಬು. ಒಳಗಿನ ಸಾಮಾನು ಹೆಚ್ಚಾದರೂ ಕೊಳವೆ ಅದುಮಿಹೋಗುತ್ತದೆ, ಪೆಟ್ಟಿಗೆಯೇ ಚಿಕ್ಕದಾಗಿದ್ದರೂ ಅದುಮಿಹೋಗುತ್ತದೆ. ತೂಕ ಹೆಚ್ಚಿದಾಗ ಆಗುವುದು ಮೊದಲನೆಯದು. ಕೆಳದವಡೆ ಚಿಕ್ಕದಾಗಿ ಹಿಂದೆ ಸರಿದಿರುವವರಲ್ಲಿ ಆಗುವುದು ಎರಡನೆಯದು.

ಚೀನೀ ಮತ್ತು ಬಿಳಿಯ ರೋಗಿಗಳನ್ನು ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ತೋರಿಸಿತು. ಕಾಯಿಲೆಯ ತೀವ್ರತೆ ಒಂದೇ ಇದ್ದಾಗ ಚೀನೀ ರೋಗಿಗಳಲ್ಲಿ ಮೂಳೆಯ ಇಕ್ಕಟ್ಟು ಹೆಚ್ಚಿತ್ತು, ಬಿಳಿಯರಲ್ಲಿ ತೂಕ ಹೆಚ್ಚಿತ್ತು. ಅಂದರೆ ಕಡಿಮೆ ತೂಕದಲ್ಲೂ ಕಾಯಿಲೆ ಬರುವ ಗುಂಪುಗಳಲ್ಲಿ ಮುಖದ ಮೂಳೆಯ ರಚನೆಯನ್ನು ಕಡೆಗಣಿಸುವಂತಿಲ್ಲ. ಈ 'ಪೆಟ್ಟಿಗೆ'ಯ ಅಳತೆ ತೆಗೆಯುವ ಸರಳ ಸಾಧನವೇ ಸೆಫಲೋಗ್ರಾಮ್.

ಸೆಫಲೋಗ್ರಾಮ್: ಹುಟ್ಟಿದ್ದು ಹಲ್ಲಿನ ಚಿಕಿತ್ಸೆಗಾಗಿ

1895ರಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದ ಮೇಲೆ ತಲೆಬುರುಡೆಯ ಚಿತ್ರ ತೆಗೆಯುವುದು ಸಾಧ್ಯವಾಯಿತು. ಆದರೆ ತಲೆ ಸ್ವಲ್ಪ ಅಲುಗಾಡಿದರೂ ಅಳತೆ ಬದಲಾಗುತ್ತಿತ್ತು. 1931ರಲ್ಲಿ ಅಮೆರಿಕದ ಹಾಲಿ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹರ್ಬರ್ಟ್ ಹೋಫ್ರಾತ್ ಬೇರೆ ಬೇರೆಯಾಗಿ, ತಲೆಯನ್ನು ಒಂದೇ ಸ್ಥಿತಿಯಲ್ಲಿ ಹಿಡಿದಿಡುವ ವಿಧಾನ ಪರಿಚಯಿಸಿದರು. ಅದರಿಂದ ಒಬ್ಬರ ಚಿತ್ರವನ್ನು ಇನ್ನೊಬ್ಬರದರ ಜೊತೆ, ಅಥವಾ ಒಬ್ಬರದೇ ಹಳೆಯ ಚಿತ್ರದ ಜೊತೆ ಹೋಲಿಸಲು ಸಾಧ್ಯವಾಯಿತು.

ಇಂದಿಗೂ ವಿಧಾನದ ತಿರುಳು ಅದೇ. ರೋಗಿ ನಿಂತುಕೊಳ್ಳುತ್ತಾರೆ ಅಥವಾ ಕುಳಿತುಕೊಳ್ಳುತ್ತಾರೆ. ಎರಡೂ ಕಿವಿಯ ರಂಧ್ರದ ಬಳಿ ಸಣ್ಣ ಕಡ್ಡಿಗಳನ್ನು ಇಟ್ಟು ತಲೆಯನ್ನು ಸ್ಥಿರಗೊಳಿಸುತ್ತಾರೆ. ಎಕ್ಸ್-ರೇ ಕೊಳವೆಯನ್ನು ಸಾಂಪ್ರದಾಯಿಕವಾಗಿ ತಲೆಯ ಮಧ್ಯರೇಖೆಯಿಂದ 5 ಅಡಿ ದೂರದಲ್ಲಿ ಇಡಲಾಗುತ್ತದೆ. ಪಕ್ಕದಿಂದ ಒಂದು ಚಿತ್ರ ತೆಗೆಯುತ್ತಾರೆ. ಹಲ್ಲು ಕಚ್ಚಿ, ಉಗುಳು ನುಂಗದೆ, ಅಲುಗಾಡದೆ ನಿಂತರೆ ಸಾಕು. ನೋವಿಲ್ಲ, ಚುಚ್ಚುಮದ್ದಿಲ್ಲ.

ಈ ಚಿತ್ರವನ್ನು ನಿದ್ದೆಯ ಕಾಯಿಲೆಗೆ ಗಂಭೀರವಾಗಿ ಬಳಸಲು ಶುರುವಾಗಿದ್ದು 1980ರ ದಶಕದಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ರೈಲಿ, ಕ್ರಿಶ್ಚಿಯನ್ ಗಿಲ್ಲೆಮಿನೊ ಮತ್ತು ಸಂಗಡಿಗರು 1983ರಲ್ಲಿ ಸ್ಲೀಪ್ ಆಪ್ನಿಯಾ ರೋಗಿಗಳ ಸೆಫಲೋಗ್ರಾಮ್ ಅಳತೆಗಳನ್ನು ಪ್ರಕಟಿಸಿದರು. ಇಂದು ವೈದ್ಯರ ವರದಿಗಳಲ್ಲಿ ಕಾಣುವ ಹಲವು ಸಂಖ್ಯೆಗಳ ಮೂಲ ಅಲ್ಲಿದೆ.

ಯಾವ ಯಾವ ಅಳತೆ ತೆಗೆಯುತ್ತಾರೆ?

ಚಿತ್ರದಲ್ಲಿ ಕೆಲವು ನಿಶ್ಚಿತ ಬಿಂದುಗಳನ್ನು ಗುರುತಿಸಿ, ಅವುಗಳ ನಡುವೆ ಗೆರೆ ಎಳೆದು, ಕೋನ ಮತ್ತು ದೂರವನ್ನು ಅಳೆಯುತ್ತಾರೆ. ಹಿಂದೆ ಪಾರದರ್ಶಕ ಹಾಳೆಯ ಮೇಲೆ ಪೆನ್ಸಿಲ್‌ನಿಂದ ಮಾಡುತ್ತಿದ್ದ ಈ ಕೆಲಸ ಈಗ ಬಹುತೇಕ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ. ಸ್ಲೀಪ್ ಆಪ್ನಿಯಾ ವಿಚಾರದಲ್ಲಿ ಮುಖ್ಯವಾದವು ಇವು:

* ಎಸ್‌ಎನ್‌ಎ ಕೋನ: ಪಿಟ್ಯುಟರಿ ಗ್ರಂಥಿ ಕುಳಿತಿರುವ ಕುಳಿ, ಮೂಗಿನ ಬುಡ ಹಣೆಗೆ ಸೇರುವ ಜಾಗ ಮತ್ತು ಮೇಲ್ದವಡೆಯ ಮುಂಭಾಗ, ಈ ಮೂರು ಬಿಂದುಗಳ ಕೋನ. ಸಾಮಾನ್ಯ ಅಳತೆ ಸುಮಾರು 82 ಡಿಗ್ರಿ. ಕಡಿಮೆಯಾದರೆ ಮೇಲ್ದವಡೆ ಹಿಂದಿದೆ ಎಂದರ್ಥ.

* ಎಸ್‌ಎನ್‌ಬಿ ಕೋನ: ಅದೇ ರೀತಿ ಕೆಳದವಡೆಗೆ. ಸಾಮಾನ್ಯ ಅಳತೆ ಸುಮಾರು 80 ಡಿಗ್ರಿ. ಇದು ಕಡಿಮೆಯಿದ್ದರೆ ಕೆಳದವಡೆ ಹಿಂದೆ ಸರಿದಿದೆ. ನಾಲಿಗೆಯ ಮುಖ್ಯ ಸ್ನಾಯು ಗಲ್ಲದ ಒಳಭಾಗಕ್ಕೆ ಅಂಟಿಕೊಂಡಿರುವುದರಿಂದ, ದವಡೆ ಹಿಂದಿದ್ದರೆ ನಾಲಿಗೆಯೂ ಹಿಂದಿರುತ್ತದೆ.

* ನಾಲಿಗೆಯ ಹಿಂದಿನ ಜಾಗ: ನಾಲಿಗೆಯ ಬುಡ ಮತ್ತು ಗಂಟಲಿನ ಹಿಂಗೋಡೆಯ ನಡುವಿನ ಅಂತರ. ವರದಿಯಲ್ಲಿ ಪಿಎಎಸ್ ಎಂದು ಬರೆಯುತ್ತಾರೆ. ಸ್ಟ್ಯಾನ್‌ಫರ್ಡ್ ತಂಡದ ಅಳತೆಯಂತೆ ಸಾಮಾನ್ಯ ಅಂತರ ಸುಮಾರು 11 ಮಿ.ಮೀ. ಅದಕ್ಕಿಂತ ಕಡಿಮೆಯಿದ್ದರೆ ಇಕ್ಕಟ್ಟು.

* ಹಯಾಯ್ಡ್ ಮೂಳೆಯ ಸ್ಥಾನ: ಗಲ್ಲ ಮತ್ತು ಗಂಟಲಿನ ನಡುವೆ ಕುದುರೆ ಲಾಳದ ಆಕಾರದ ಚಿಕ್ಕ ಮೂಳೆ ಇದು. ಬೇರೆ ಯಾವ ಮೂಳೆಗೂ ಕೀಲಿನಿಂದ ಸೇರಿಕೊಳ್ಳದೆ ಸ್ನಾಯುಗಳ ಆಸರೆಯಲ್ಲೇ ನಿಂತಿದೆ. ಕೆಳದವಡೆಯ ಗೆರೆಯಿಂದ ಇದು ಸಾಮಾನ್ಯವಾಗಿ ಸುಮಾರು 15 ಮಿ.ಮೀ. ಕೆಳಗಿರುತ್ತದೆ. ಇನ್ನೂ ಕೆಳಗಿಳಿದಿದ್ದರೆ ನಾಲಿಗೆಯ ಬುಡವೂ ಕೆಳಗಿಳಿದು ಗಂಟಲಿನ ಜಾಗವನ್ನು ಆಕ್ರಮಿಸಿದೆ ಎಂಬ ಸೂಚನೆ.

* ಮೃದು ಅಂಗುಳದ ಉದ್ದ: ಸಾಮಾನ್ಯವಾಗಿ ಸುಮಾರು 37 ಮಿ.ಮೀ. ಉದ್ದ ಮತ್ತು ದಪ್ಪ ಹೆಚ್ಚಿದ್ದರೆ ನಿದ್ದೆಯಲ್ಲಿ ಹಾದಿಗೆ ಅಡ್ಡ ಬರುವ ಸಾಧ್ಯತೆ ಹೆಚ್ಚು.

ಈ ಸಂಖ್ಯೆಗಳು ಮೂಲತಃ ಅಮೆರಿಕದಲ್ಲಿ ತೆಗೆದ ಅಳತೆಗಳಿಂದ ಬಂದವು. ಜನಾಂಗ, ವಯಸ್ಸು, ಲಿಂಗಕ್ಕೆ ತಕ್ಕಂತೆ 'ಸಾಮಾನ್ಯ' ಎಂಬುದು ಬದಲಾಗುತ್ತದೆ. ಆದ್ದರಿಂದ ಒಂದು ಸಂಖ್ಯೆಯನ್ನು ಮಾತ್ರ ಹಿಡಿದುಕೊಂಡು ನಿರ್ಧಾರಕ್ಕೆ ಬರಬಾರದು. ಹಲವು ಅಳತೆಗಳನ್ನು ಒಟ್ಟಿಗೆ ನೋಡಬೇಕು.

ಸಂಶೋಧನೆಗಳು ಏನು ಹೇಳುತ್ತವೆ?

ದೆಹಲಿಯ ಏಮ್ಸ್ ಮತ್ತು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಯ ಸಂಶೋಧಕರು ಜಗತ್ತಿನ ಹಲವು ಸೆಫಲೋಗ್ರಾಮ್ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ಲೇಷಣೆ ಪ್ರಕಟಿಸಿದರು. ವಯಸ್ಕ ರೋಗಿಗಳಲ್ಲಿ ಮೂರು ಅಂಶಗಳಿಗೆ ಬಲವಾದ ಪುರಾವೆ ಸಿಕ್ಕಿತು: ಗಂಟಲಿನ ಜಾಗ ಕಿರಿದಾಗಿರುವುದು, ಹಯಾಯ್ಡ್ ಮೂಳೆ ಕೆಳಗಿರುವುದು ಮತ್ತು ಮುಖದ ಮುಂಭಾಗದ ಎತ್ತರ ಹೆಚ್ಚಿರುವುದು.

ಅಂದರೆ ರೋಗಿಗಳ ಗುಂಪಿಗೂ ಆರೋಗ್ಯವಂತರ ಗುಂಪಿಗೂ ಸರಾಸರಿಯಲ್ಲಿ ವ್ಯತ್ಯಾಸ ಇದೆ. ಆದರೆ ಗುಂಪಿನ ಸರಾಸರಿ ಬೇರೆ, ಎದುರಿಗೆ ಕುಳಿತ ಒಬ್ಬ ವ್ಯಕ್ತಿ ಬೇರೆ. ನಾಲಿಗೆಯ ಹಿಂದೆ 8 ಮಿ.ಮೀ. ಜಾಗ ಇದ್ದೂ ರಾತ್ರಿ ಸುಖವಾಗಿ ಉಸಿರಾಡುವವರಿದ್ದಾರೆ. 13 ಮಿ.ಮೀ. ಇದ್ದೂ ಉಸಿರು ನಿಲ್ಲುವವರಿದ್ದಾರೆ.

ಜಪಾನಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತಮ ಉದಾಹರಣೆ. ತೀವ್ರ ಸ್ಲೀಪ್ ಆಪ್ನಿಯಾ ಇದ್ದವರ ಮತ್ತು ಇಲ್ಲದವರ ಸೆಫಲೋಗ್ರಾಮ್‌ಗಳನ್ನು ಕೃತಕ ಬುದ್ಧಿಮತ್ತೆಗೆ ಕೊಟ್ಟು ಗುರುತಿಸಲು ಕಲಿಸಲಾಯಿತು. ಮನುಷ್ಯರು ಬಿಂದು ಗುರುತಿಸಿ ಅಳೆದಾಗ ತೀವ್ರ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಪತ್ತೆಯಾದರು. ಯಂತ್ರ ಅದಕ್ಕಿಂತ ಸಾಕಷ್ಟು ಉತ್ತಮವಾಗಿ ಗುರುತಿಸಿತು. ಚಿತ್ರದಲ್ಲಿ ಮಾಹಿತಿ ಇದೆ, ಆದರೆ ನಾಲ್ಕಾರು ಗೆರೆಗಳ ಅಳತೆ ಅದನ್ನೆಲ್ಲ ಹಿಡಿಯುವುದಿಲ್ಲ ಎಂಬುದನ್ನು ಇದು ಸೂಚಿಸುತ್ತದೆ. ಆದರೂ ಅಲ್ಲಿ ಹೋಲಿಸಿದ್ದು ತೀವ್ರ ಕಾಯಿಲೆ ಇದ್ದವರನ್ನು, ಇಲ್ಲದವರ ಜೊತೆ. ನಡುವಿನ ಸೌಮ್ಯ, ಮಧ್ಯಮ ಹಂತದವರನ್ನು ಬೇರ್ಪಡಿಸುವುದು ಇನ್ನೂ ಕಠಿಣ.

ಎಕ್ಸ್-ರೇ ಒಂದೇ ಏಕೆ ಸಾಲದು?

* ಎಚ್ಚರದ ಚಿತ್ರ: ಎಕ್ಸ್-ರೇ ತೆಗೆಯುವಾಗ ವ್ಯಕ್ತಿ ಎಚ್ಚರವಾಗಿ, ನೆಟ್ಟಗೆ ಇರುತ್ತಾರೆ. ಕಾಯಿಲೆ ಇರುವುದು ಮಲಗಿದಾಗ, ಸ್ನಾಯು ಸಡಿಲವಾದಾಗ. ಗಂಟಲು ಮುಚ್ಚುವ ಆ ಕ್ಷಣ ಚಿತ್ರದಲ್ಲಿ ಇರುವುದೇ ಇಲ್ಲ.

* ಅಗಲ ಕಾಣದು: ಪಕ್ಕದಿಂದ ತೆಗೆದ ಚಿತ್ರದಲ್ಲಿ ಮುಂದಿನಿಂದ ಹಿಂದಿನ ಅಂತರ ಕಾಣುತ್ತದೆ, ಎಡಬಲದ ಅಗಲ ಕಾಣುವುದಿಲ್ಲ. ಆದರೆ ಗಂಟಲಿನ ಎಡಬಲದ ಗೋಡೆಗಳು ದಪ್ಪವಾಗುವುದೂ ಈ ಕಾಯಿಲೆಯಲ್ಲಿ ಮುಖ್ಯ ಎಂದು ಎಂಆರ್‌ಐ ಅಧ್ಯಯನಗಳು ತೋರಿಸಿವೆ.

* ಕ್ಷಣಕ್ಕೊಂದು ಅಳತೆ: ಉಗುಳು ನುಂಗಿದರೆ, ತಲೆ ಸ್ವಲ್ಪ ಎತ್ತಿದರೆ, ಉಸಿರು ಎಳೆದುಕೊಂಡರೆ ನಾಲಿಗೆ ಮತ್ತು ಹಯಾಯ್ಡ್ ಸ್ಥಾನ ಬದಲಾಗುತ್ತದೆ. ಜೊತೆಗೆ ಎಕ್ಸ್-ರೇ ಚಿತ್ರ ನಿಜವಾದ ಗಾತ್ರಕ್ಕಿಂತ ಸ್ವಲ್ಪ ಹಿಗ್ಗಿರುತ್ತದೆ. ಒಟ್ಟು ಅಂತರವೇ 11 ಮಿ.ಮೀ. ಇರುವಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸ ತೀರ್ಮಾನವನ್ನೇ ಬದಲಿಸಬಹುದು.

* ಮೂಳೆಯಾಚೆಯ ಕಾರಣಗಳು: ಸ್ನಾಯುಗಳು ಎಷ್ಟು ಚುರುಕಾಗಿ ಪ್ರತಿಕ್ರಿಯಿಸುತ್ತವೆ, ಮೆದುಳು ಉಸಿರಾಟವನ್ನು ಹೇಗೆ ನಿಯಂತ್ರಿಸುತ್ತದೆ ಎಂಬುದೂ ಕಾಯಿಲೆಯನ್ನು ನಿರ್ಧರಿಸುತ್ತದೆ. ಇವು ಯಾವ ಎಕ್ಸ್-ರೇಯಲ್ಲೂ ಕಾಣುವುದಿಲ್ಲ.

ಇದೇ ಕಾರಣಕ್ಕೆ ಅಮೆರಿಕದ ಆರ್ಥೋಡಾಂಟಿಸ್ಟ್‌ಗಳ ಸಂಘ 2019ರಲ್ಲಿ ಪ್ರಕಟಿಸಿದ ದಾಖಲೆಯಲ್ಲಿ, ಸೆಫಲೋಗ್ರಾಮ್ ಆಗಲಿ ಮೂರು ಆಯಾಮದ ಚಿತ್ರವಾಗಲಿ ಸ್ಲೀಪ್ ಆಪ್ನಿಯಾವನ್ನು ನಿರ್ಣಯಿಸುವ ಸಾಧನವಲ್ಲ ಎಂದು ಸ್ಪಷ್ಟಪಡಿಸಿತು. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿಯ 2017ರ ಮಾರ್ಗಸೂಚಿಯೂ, ಕೇವಲ ಪ್ರಶ್ನಾವಳಿ ಅಥವಾ ಲೆಕ್ಕಾಚಾರದ ಸೂತ್ರಗಳಿಂದ ನಿರ್ಣಯಿಸದೆ ನಿದ್ರಾ ಪರೀಕ್ಷೆ ನಡೆಸಬೇಕು ಎನ್ನುತ್ತದೆ. ಭಾರತದಲ್ಲೂ 2014ರಲ್ಲಿ ಪ್ರಕಟವಾದ 'ಐನೋಸಾ' ಮಾರ್ಗಸೂಚಿ ಇದೆ.

ನಿದ್ರಾ ಪರೀಕ್ಷೆಯಲ್ಲಿ ಏನಿರುತ್ತದೆ?

ಪಾಲಿಸೋಮ್ನೋಗ್ರಫಿ ಎಂಬ ಪೂರ್ಣ ಪರೀಕ್ಷೆಯಲ್ಲಿ ಒಂದು ರಾತ್ರಿ ನಿದ್ರಾ ಪ್ರಯೋಗಾಲಯದಲ್ಲಿ ಮಲಗಬೇಕಾಗುತ್ತದೆ. ಮೆದುಳಿನ ತರಂಗ, ಕಣ್ಣಿನ ಚಲನೆ, ಗಲ್ಲದ ಸ್ನಾಯು, ಮೂಗಿನ ಗಾಳಿಯ ಹರಿವು, ಎದೆ ಮತ್ತು ಹೊಟ್ಟೆಯ ಏರಿಳಿತ, ಹೃದಯ ಬಡಿತ, ರಕ್ತದ ಆಮ್ಲಜನಕ ಎಲ್ಲವೂ ದಾಖಲಾಗುತ್ತವೆ. ಬೇರೆ ದೊಡ್ಡ ಕಾಯಿಲೆಗಳಿಲ್ಲದ, ಅನುಮಾನ ಬಲವಾಗಿರುವ ವಯಸ್ಕರಿಗೆ ಮನೆಯಲ್ಲೇ ಮಾಡುವ ಸರಳ ಪರೀಕ್ಷೆಯೂ ಇದೆ. ಮುಂಬೈ ಅಧ್ಯಯನದಲ್ಲಿ ಬಳಸಿದ್ದು ಮನೆಯಲ್ಲಿ ಮಾಡುವ ಪರೀಕ್ಷೆಯನ್ನೇ.

ಸರಳವಾಗಿ ಹೇಳುವುದಾದರೆ, ನಿದ್ರಾ ಪರೀಕ್ಷೆ 'ಉಸಿರು ನಿಲ್ಲುತ್ತಿದೆಯೇ, ಎಷ್ಟು ಬಾರಿ' ಎಂದು ಹೇಳುತ್ತದೆ. ಸೆಫಲೋಗ್ರಾಮ್ 'ಹಾದಿ ಎಲ್ಲಿ ಕಿರಿದಾಗಿದೆ, ಮೂಳೆಯ ಪಾಲು ಎಷ್ಟು' ಎಂದು ಹೇಳುತ್ತದೆ. ಎರಡೂ ಬೇರೆ ಪ್ರಶ್ನೆಗಳು. ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಡಲಾಗದು.

ಹಾಗಾದರೆ ಸೆಫಲೋಗ್ರಾಮ್ ಉಪಯೋಗ ಎಲ್ಲಿ?

ಮೊದಲನೆಯದು, ಅನುಮಾನ ಹುಟ್ಟಿಸುವ ಸುಳಿವು. ಹಲ್ಲು ನೇರ ಮಾಡಿಸಲು ಬಂದ 30 ವರ್ಷದ ತೆಳ್ಳಗಿನ ವ್ಯಕ್ತಿಯನ್ನು ಯಾರೂ ಗೊರಕೆಯ ಬಗ್ಗೆ ಕೇಳುವುದಿಲ್ಲ. ಆದರೆ ಅವರ ಎಕ್ಸ್-ರೇಯಲ್ಲಿ ಹಿಂದೆ ಸರಿದ ದವಡೆ, ಕೆಳಗಿಳಿದ ಹಯಾಯ್ಡ್, ಕಿರಿದಾದ ಗಂಟಲು ಕಂಡರೆ ದಂತವೈದ್ಯರು ಎರಡು ಪ್ರಶ್ನೆ ಕೇಳಬಹುದು: 'ಗೊರಕೆ ಹೊಡೆಯುತ್ತೀರಾ? ಹಗಲು ತೂಕಡಿಕೆ ಬರುತ್ತದೆಯೇ?' ಹೌದು ಎಂದರೆ ನಿದ್ರಾ ತಜ್ಞರ ಬಳಿ ಕಳುಹಿಸಬಹುದು. ಹೀಗೆ ಬೇರೆ ಕಾರಣಕ್ಕೆ ತೆಗೆದ ಚಿತ್ರವೇ, ಇನ್ನೂ ಹತ್ತು ವರ್ಷ ಬಿಟ್ಟು ಪತ್ತೆಯಾಗಬಹುದಾಗಿದ್ದ ಕಾಯಿಲೆಯನ್ನು ಬೇಗ ಬೆಳಕಿಗೆ ತರಬಹುದು.

ಎರಡನೆಯದು, ಚಿಕಿತ್ಸೆಯ ಯೋಜನೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವಾನ್ ಪರಿಚಯಿಸಿದ ಸಿಪ್ಯಾಪ್ ಯಂತ್ರ ಇಂದಿಗೂ ಮುಖ್ಯ ಚಿಕಿತ್ಸೆ. ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ತೆರೆದಿಡುವ ಈ ಯಂತ್ರವನ್ನು ಸಹಿಸಲಾಗದವರಿಗೆ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಬಾಯಿಯ ಸಾಧನವನ್ನು ದಂತವೈದ್ಯರು ತಯಾರಿಸುತ್ತಾರೆ. ಅದಕ್ಕೆ ಮುನ್ನ ದವಡೆ ಮತ್ತು ಹಲ್ಲಿನ ಸ್ಥಿತಿ ತಿಳಿಯಲು, ವರ್ಷಗಳ ಬಳಕೆಯ ನಂತರ ಹಲ್ಲು ಸರಿದಿವೆಯೇ ಎಂದು ನೋಡಲು ಸೆಫಲೋಗ್ರಾಮ್ ನೆರವಾಗುತ್ತದೆ.

ಮೂರನೆಯದು, ದವಡೆಯ ಶಸ್ತ್ರಚಿಕಿತ್ಸೆ. ಎರಡೂ ದವಡೆಗಳನ್ನು ಮುಂದಕ್ಕೆ ತರುವ ಶಸ್ತ್ರಚಿಕಿತ್ಸೆಯ ಬಗ್ಗೆ 2010ರಲ್ಲಿ ಪ್ರಕಟವಾದ ಒಟ್ಟು ವಿಶ್ಲೇಷಣೆಯಲ್ಲಿ, ರೋಗಿಗಳ ಸರಾಸರಿ ಎಎಚ್‌ಐ 63.9ರಿಂದ 9.5ಕ್ಕೆ ಇಳಿದಿತ್ತು. ಮೂಳೆಯ 'ಪೆಟ್ಟಿಗೆ' ದೊಡ್ಡದು ಮಾಡಿದರೆ ಗಂಟಲು ತೆರೆಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಎಷ್ಟು ಮಿ.ಮೀ. ಮುಂದೆ ತರಬೇಕು ಎಂಬ ಲೆಕ್ಕಕ್ಕೆ ಮುಖದ ಅಳತೆಗಳು ಅನಿವಾರ್ಯ. ಆದರೆ ಇದು ದೊಡ್ಡ ಶಸ್ತ್ರಚಿಕಿತ್ಸೆ, ಎಲ್ಲರಿಗೂ ಅಲ್ಲ.

ತೂಕ ಇಳಿಸುವ ಔಷಧಗಳ ಕಾಲದಲ್ಲೂ ಈ ಅಳತೆಗೆ ಅರ್ಥವಿದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಬೊಜ್ಜು ಇರುವ ಮಧ್ಯಮದಿಂದ ತೀವ್ರ ಹಂತದ ಸ್ಲೀಪ್ ಆಪ್ನಿಯಾ ರೋಗಿಗಳಿಗೆ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಒಪ್ಪಿಗೆ ನೀಡಿತು. ತೂಕ ಇಳಿದರೆ ಗಂಟಲಿನ ಕೊಬ್ಬು ಕರಗುತ್ತದೆ. ಹಿಂದೆ ಸರಿದ ದವಡೆ ಮಾತ್ರ ಹಾಗೆಯೇ ಉಳಿಯುತ್ತದೆ.

ಮಕ್ಕಳಲ್ಲಿ ಬೇರೆ ಲೆಕ್ಕ

ಮಕ್ಕಳ ಗೊರಕೆಗೆ ಸಾಮಾನ್ಯ ಕಾರಣ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಗಳ ಊತ. ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಅಡಿನಾಯ್ಡ್ ಎಷ್ಟು ಜಾಗ ಆಕ್ರಮಿಸಿದೆ ಎಂದು ಅಳೆಯುವ ಅನುಪಾತವನ್ನು 1979ರಲ್ಲಿ ಫುಜಿಯೋಕಾ ಮತ್ತು ಸಂಗಡಿಗರು ವಿವರಿಸಿದ್ದರು. ಅದು 0.8 ದಾಟಿದರೆ ಗ್ರಂಥಿ ದೊಡ್ಡದಾಗಿದೆ ಎಂದು ಪರಿಗಣಿಸಲಾಗುತ್ತದೆ.

ಮಗು ಬಾಯಿ ತೆರೆದು ಮಲಗುವುದು, ರಾತ್ರಿ ಬೆವರುವುದು, ಹಾಸಿಗೆ ಒದ್ದೆ ಮಾಡುವುದು, ಶಾಲೆಯಲ್ಲಿ ಗಮನ ಕೊಡದಿರುವುದು, ಅತಿ ಚಟುವಟಿಕೆ ಇವು ಸೂಚನೆಗಳಾಗಿರಬಹುದು. ಮಕ್ಕಳಲ್ಲಿ ಎಎಚ್‌ಐ ಗಂಟೆಗೆ 1 ದಾಟಿದರೂ ವೈದ್ಯರು ಗಂಭೀರವಾಗಿ ನೋಡುತ್ತಾರೆ. ವಯಸ್ಕರ ಲೆಕ್ಕವನ್ನು ಮಕ್ಕಳಿಗೆ ಅನ್ವಯಿಸುವಂತಿಲ್ಲ.

ವಿಕಿರಣದ ಭಯ ಬೇಕೇ?

ಒಂದು ಡಿಜಿಟಲ್ ಸೆಫಲೋಗ್ರಾಮ್‌ನಿಂದ ಸಿಗುವ ವಿಕಿರಣ ಸಾಮಾನ್ಯವಾಗಿ 10 ಮೈಕ್ರೋಸೀವರ್ಟ್‌ಗಿಂತ ಕಡಿಮೆ. ಪ್ರಕೃತಿಯಿಂದಲೇ ಪ್ರತಿಯೊಬ್ಬರಿಗೂ ವರ್ಷಕ್ಕೆ ಜಾಗತಿಕ ಸರಾಸರಿ ಸುಮಾರು 2,400 ಮೈಕ್ರೋಸೀವರ್ಟ್ ವಿಕಿರಣ ತಗಲುತ್ತದೆ. ಅಂದರೆ ಇದು ಒಂದೆರಡು ದಿನದ ಸಹಜ ವಿಕಿರಣಕ್ಕೆ ಸಮ. ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್‌ನಲ್ಲಿ ಗಂಟಲಿನ ಅಗಲವೂ ಕಾಣುತ್ತದೆ, ಆದರೆ ವಿಕಿರಣ ಪ್ರಮಾಣ ಇದಕ್ಕಿಂತ ಹೆಚ್ಚು.

ಕಡಿಮೆ ಎಂದ ಮಾತ್ರಕ್ಕೆ ಅನಗತ್ಯವಾಗಿ ತೆಗೆಸಬೇಕಿಲ್ಲ. ಗರ್ಭಿಣಿಯರು ಮೊದಲೇ ತಿಳಿಸಬೇಕು. ದೇಶದಲ್ಲಿ ಎಕ್ಸ್-ರೇ ಉಪಕರಣಗಳ ಸುರಕ್ಷತೆಯನ್ನು ನೋಡಿಕೊಳ್ಳುವುದು ಮುಂಬೈನ ಅಣುಶಕ್ತಿನಗರದಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಕೇಂದ್ರದ ಉಪಕರಣಕ್ಕೆ ಈ ಮಂಡಳಿಯ ಅನುಮತಿ ಇದೆಯೇ ಎಂದು ಕೇಳುವ ಹಕ್ಕು ರೋಗಿಗೆ ಇದೆ.

ಮುಂಬೈನಲ್ಲಿ ಎಲ್ಲಿಂದ ಶುರು ಮಾಡಬೇಕು?

ಗೊರಕೆ, ಹಗಲು ತೂಕಡಿಕೆ ಇದ್ದರೆ ಮೊದಲು ನೋಡಬೇಕಾದ್ದು ಶ್ವಾಸಕೋಶ ತಜ್ಞರನ್ನು ಅಥವಾ ಕಿವಿ, ಮೂಗು, ಗಂಟಲು ತಜ್ಞರನ್ನು. ಪರೇಲ್‌ನ ಕೆಇಎಂ, ಸಯಾನ್, ಮುಂಬೈ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗಳಂಥ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಈ ವಿಭಾಗಗಳಿವೆ. ದವಡೆ ಮತ್ತು ಹಲ್ಲಿನ ವಿಚಾರಕ್ಕೆ ನಾಯರ್ ದಂತ ಕಾಲೇಜು ಹಾಗೂ ಸಿಎಸ್‌ಎಂಟಿ ಬಳಿಯ ಸರ್ಕಾರಿ ದಂತ ಕಾಲೇಜಿನಲ್ಲಿ ಆರ್ಥೋಡಾಂಟಿಕ್ಸ್ ವಿಭಾಗಗಳಿವೆ.

ಹೋಗುವ ಮುನ್ನ ಈ ತಯಾರಿ ಇರಲಿ:

* ಮನೆಯವರಿಂದ ನಿಮ್ಮ ನಿದ್ದೆಯ ಒಂದೆರಡು ನಿಮಿಷದ ವಿಡಿಯೋ ಮಾಡಿಸಿ. ಉಸಿರು ನಿಂತು ಮತ್ತೆ ಏದುಸಿರು ಬರುವುದು ಅದರಲ್ಲಿ ಸೆರೆಯಾದರೆ ವೈದ್ಯರಿಗೆ ದೊಡ್ಡ ಸಹಾಯ.

* ಕತ್ತಿನ ಸುತ್ತಳತೆ, ತೂಕ, ರಕ್ತದೊತ್ತಡ, ಮಧುಮೇಹದ ವಿವರ ಬರೆದಿಟ್ಟುಕೊಳ್ಳಿ.

* ಎಪ್‌ವರ್ತ್ ಪ್ರಶ್ನಾವಳಿ ತುಂಬಿ. ಟಿವಿ ನೋಡುವಾಗ, ವಾಹನದಲ್ಲಿ ಪ್ರಯಾಣಿಸುವಾಗ ಹೀಗೆ 8 ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಾಧ್ಯತೆಗೆ 0ರಿಂದ 3 ಅಂಕ. ಒಟ್ಟು 24ರಲ್ಲಿ 10 ದಾಟಿದರೆ ಪರೀಕ್ಷೆ ಅಗತ್ಯ.

* ಹಿಂದೆ ಹಲ್ಲಿನ ಚಿಕಿತ್ಸೆಗೆ ತೆಗೆಸಿದ ಸೆಫಲೋಗ್ರಾಮ್ ಇದ್ದರೆ ಜೊತೆಗೆ ಒಯ್ಯಿರಿ. ಹೊಸದು ತೆಗೆಸುವ ಅಗತ್ಯ ತಪ್ಪಬಹುದು.

ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಎಕ್ಸ್-ರೇ ಸಾಮಾನ್ಯವಾಗಿದ್ದರೆ ಕಾಯಿಲೆ ಇಲ್ಲ ಎಂದೇ?
ಅಲ್ಲ. ಮೂಳೆ ಸರಿಯಿದ್ದೂ ತೂಕ, ಟಾನ್ಸಿಲ್ ಅಥವಾ ಸ್ನಾಯುಗಳ ಕಾರಣದಿಂದ ಉಸಿರು ನಿಲ್ಲಬಹುದು. ಲಕ್ಷಣ ಇದ್ದರೆ ನಿದ್ರಾ ಪರೀಕ್ಷೆ ಬೇಕೇ ಬೇಕು.

ಎಕ್ಸ್-ರೇಯಲ್ಲಿ ಗಂಟಲು ಕಿರಿದಾಗಿ ಕಂಡರೆ ಚಿಕಿತ್ಸೆ ಶುರು ಮಾಡಬಹುದೇ?
ಬೇಡ. ಕೇವಲ ಚಿತ್ರ ನೋಡಿ ದುಬಾರಿ ಬಾಯಿಯ ಸಾಧನ ಅಥವಾ ಶಸ್ತ್ರಚಿಕಿತ್ಸೆ ಸೂಚಿಸಿದರೆ, 'ನನ್ನ ಎಎಚ್‌ಐ ಎಷ್ಟು?' ಎಂದು ಕೇಳಿ. ಆ ಸಂಖ್ಯೆ ಇಲ್ಲದಿದ್ದರೆ ಮೊದಲು ನಿದ್ರಾ ಪರೀಕ್ಷೆ ಮಾಡಿಸಿ. ಚಿಕಿತ್ಸೆಯಿಂದ ಲಾಭವಾಗಿದೆಯೇ ಎಂದು ಮುಂದೆ ಹೋಲಿಸಿ ನೋಡಲೂ ಆ ಮೊದಲ ಸಂಖ್ಯೆ ಬೇಕು.

ಗೊರಕೆ ಇದ್ದವರಿಗೆಲ್ಲ ಸ್ಲೀಪ್ ಆಪ್ನಿಯಾ ಇರುತ್ತದೆಯೇ?
ಇಲ್ಲ. ಆದರೆ ಜೋರು ಗೊರಕೆಯ ನಡುವೆ ಮೌನ, ನಂತರ ಉಸಿರುಗಟ್ಟಿದಂತೆ ಏಳುವುದು, ಬೆಳಗಿನ ತಲೆನೋವು, ಹತೋಟಿಗೆ ಬಾರದ ರಕ್ತದೊತ್ತಡ ಇದ್ದರೆ ಕಡೆಗಣಿಸಬೇಡಿ.

ಒಟ್ಟಾರೆ, ತಲೆಯ ಎಕ್ಸ್-ರೇ ಸ್ಲೀಪ್ ಆಪ್ನಿಯಾದ ತೀರ್ಪು ಕೊಡುವುದಿಲ್ಲ, ಅನುಮಾನಕ್ಕೆ ದಾರಿ ತೋರಿಸುತ್ತದೆ. ತೆಳ್ಳಗಿದ್ದೇನೆ, ನನಗೇನೂ ಇಲ್ಲ ಎಂದುಕೊಂಡವರ ವಿಷಯದಲ್ಲಿ ಆ ದಾರಿಯೇ ಬಹುಮುಖ್ಯ. ಆದರೆ ಕೊನೆಯ ಉತ್ತರ ಸಿಗುವುದು ಒಂದು ರಾತ್ರಿಯ ನಿದ್ದೆಯನ್ನು ಅಳೆದಾಗ ಮಾತ್ರ.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಯಾವುದೇ ಪರೀಕ್ಷೆ ಅಥವಾ ಚಿಕಿತ್ಸೆಗೆ ಮುನ್ನ ತಜ್ಞ ವೈದ್ಯರ ಸಲಹೆ ಪಡೆಯಿರಿ.)